ಚಪ್ಪರ ಯಾವುದು, ಮನೆ ಯಾವುದು?

ಕೊನೆಯ ಸೆಮಿಸ್ಟರ್‌ನ ಪ್ರಾಜೆಕ್ಟ್ ಡೆಮೊ ಮುಗಿದ ಸಂಜೆ ನಾವು ನಾಲ್ವರೂ ಕ್ಲೌಡ್ ಸರ್ವರ್‌ಗೆ 'ಸ್ಟಾಪ್' ಒತ್ತಿ ಕ್ಯಾಂಟೀನಿಗೆ ಹೋದೆವು. ಎರಡು ತಿಂಗಳ ನಂತರ ಗೆಳೆಯನ ಅಪ್ಪನ ಕಾರ್ಡ್‌ಗೆ ಬಿಲ್ ಬಂತು. ತಪ್ಪು ನಮ್ಮದೇ. ಸ್ಟಾಪ್ ಎಂದರೆ ಯಂತ್ರ ಮಲಗುತ್ತದೆ, ಅಷ್ಟೇ. ಅದರ ಡಿಸ್ಕ್, ಕಾಯ್ದಿರಿಸಿದ ಐಪಿ ವಿಳಾಸ, ಪಕ್ಕದ ಡೇಟಾಬೇಸ್ ಎಲ್ಲದರ ಬಾಡಿಗೆ ಓಡುತ್ತಲೇ ಇರುತ್ತದೆ. ಬಜೆಟ್ ಅಲರ್ಟ್ ಇಟ್ಟರೂ ಅದು ಸಾಮಾನ್ಯವಾಗಿ ಮೇಲ್ ಕಳಿಸುತ್ತದೆಯೇ ಹೊರತು ಏನನ್ನೂ ನಿಲ್ಲಿಸುವುದಿಲ್ಲ.

ಮದುವೆ ಚಪ್ಪರಕ್ಕೆ ಯಾರೂ ಅಡಿಪಾಯ ಹಾಕುವುದಿಲ್ಲ. ಮಾರನೇ ದಿನ ಬಿಚ್ಚುವವರು ಯಾರೆಂಬುದು ಹಾಕುವಾಗಲೇ ಗೊತ್ತಿರುತ್ತದೆ. ಸಾಫ್ಟ್‌ವೇರ್ ತಂಡಗಳೂ ಹೀಗೆಯೇ ಮಾಡುತ್ತವೆ. ಒಬ್ಬರು ಪುಲ್ ರಿಕ್ವೆಸ್ಟ್ ತೆರೆದರೆ ಅದಕ್ಕೆಂದೇ ಪುಟ್ಟ ಪರಿಸರವೊಂದು ಏಳುತ್ತದೆ, ಪರೀಕ್ಷೆ ಮುಗಿದು ಮರ್ಜ್ ಆದ ಮೇಲೆ ಅಳಿಯುತ್ತದೆ. ಗ್ರಾಹಕರು ಬಳಸುವ ಪ್ರೊಡಕ್ಷನ್ ಮಾತ್ರ ಮನೆ. ಅದಕ್ಕೆ ಬ್ಯಾಕಪ್ ಬೇಕು, ನಿಗಾ ಬೇಕು, ಬೀಗದ ಕೈ ಎಲ್ಲರ ಬಳಿ ಇರಬಾರದು.

ನಾವು ಮಾಡಿದ್ದು ತಿರುಗುಮುರುಗು. ಡೆಮೊಗೆ ಮನೆ ಕಟ್ಟಿದೆವು, ರೆಸ್ಯೂಮೆಯ ಲಿಂಕನ್ನು ಚಪ್ಪರದಡಿ ಇಟ್ಟೆವು. ಹೆರೊಕು 2022ರ ನವೆಂಬರ್ 28ರಿಂದ ಉಚಿತ ಸೇವೆ ನಿಲ್ಲಿಸಿದಾಗ ಹೀಗೆ ಇಟ್ಟಿದ್ದ ಎಷ್ಟೋ ಲಿಂಕ್‌ಗಳು ಸತ್ತವು. ಉಚಿತವಾದದ್ದು ಶಾಶ್ವತ ಎಂದು ಕಂಪನಿಯೇನೂ ಮಾತು ಕೊಟ್ಟಿರಲಿಲ್ಲ, ಬಿಡಿ.

ನನ್ನ ತಕರಾರು ಇರುವುದು ಪ್ರಾಜೆಕ್ಟ್ ಮೌಲ್ಯಮಾಪನದ ಬಗ್ಗೆ. ಸ್ಲೈಡ್‌ಗೆ ಅಂಕ, ರಿಪೋರ್ಟ್‌ನ ಬೈಂಡಿಂಗ್‌ಗೂ ಅಂಕ. 'ಇದನ್ನು ಕೆಡವಿ ಮತ್ತೆ ಎಬ್ಬಿಸಿ ತೋರಿಸಿ' ಎಂದು ನಮ್ಮನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಟೆರಾಫಾರ್ಮ್‌ನಂಥ ಸಾಧನವನ್ನು ಆಗಲೇ ಕಲಿಯುತ್ತಿದ್ದೆವು. ಬೇಕಾದ್ದನ್ನೆಲ್ಲ ಕಡತದಲ್ಲಿ ಬರೆದರೆ ಒಂದು ಆಜ್ಞೆಗೆ ಏಳುತ್ತದೆ, ಇನ್ನೊಂದಕ್ಕೆ ಅಳಿಯುತ್ತದೆ. ಕನ್ಸೋಲ್‌ನಲ್ಲಿ ಕೈಯಾರೆ ಕ್ಲಿಕ್ಕಿಸಿ ಸೃಷ್ಟಿಸಿದ್ದು ಮಾತ್ರ ಅದರ ಲೆಕ್ಕಕ್ಕೆ ಬರುವುದಿಲ್ಲ. ಬಿಲ್ ಬರುವುದು ಅಲ್ಲಿಂದಲೇ. ಆದ್ದರಿಂದ ಪ್ರತಿಯೊಂದಕ್ಕೂ ಒಡೆಯನ ಹೆಸರು, ಅಳಿಸುವ ದಿನಾಂಕ ಇರುವ ಟ್ಯಾಗ್ ಹಚ್ಚುವುದು ಒಳ್ಳೆಯದು.

ಈಗ ನನ್ನ ರೆಸ್ಯೂಮೆಯಲ್ಲಿ ಸದಾ ಓಡುವ ಸರ್ವರ್ ಇಲ್ಲ. ಗಿಟ್‌ಹಬ್ ಪೇಜಸ್‌ನಲ್ಲಿ ಒಂದು ಸ್ಥಿರ ಪುಟ, ಎರಡು ನಿಮಿಷದ ವಿಡಿಯೊ, ಜೊತೆಗೆ ಆ ಕಡತಗಳಿವೆ. ಕಳೆದ ತಿಂಗಳ ಸಂದರ್ಶನದಲ್ಲಿ ಅಲ್ಲೇ ಎಬ್ಬಿಸಿ ತೋರಿಸಿದೆ. ಹನ್ನೊಂದು ನಿಮಿಷ ಹಿಡಿಯಿತು, ಕೈ ಬೆವರಿತು. ಅವರು ಆ್ಯಪ್ ಬಗ್ಗೆ ಹೆಚ್ಚೇನೂ ಕೇಳಲಿಲ್ಲ. ಅಳಿಸಿದ ಮೇಲೆ ಏನೇನು ಉಳಿದಿರಬಹುದು ಎಂಬುದರ ಮೇಲೇ ಅರ್ಧ ಗಂಟೆ ಮಾತಾಡಿದರು.