ಸುಡಲೆಂದೇ ಕಟ್ಟಿದ ಹಡಗು



ಹೊಸ ಹಡಗೊಂದನ್ನು ಕಟ್ಟುವುದೇ ಅದನ್ನು ಸುಟ್ಟುಹಾಕಲಿಕ್ಕೆ ಎಂದರೆ ನಂಬುತ್ತೀರಾ? 18ನೇ ಶತಮಾನದ ಬ್ರಿಟಿಷ್ ನೌಕಾಪಡೆಯಲ್ಲಿ ಇಂಥ ಹಡಗುಗಳಿದ್ದವು. ಅವನ್ನು ‘ಫೈರ್‌ಶಿಪ್’, ಅಂದರೆ ಬೆಂಕಿಹಡಗು, ಎನ್ನುತ್ತಿದ್ದರು. ಮರದ ಹಡಗು, ಬಟ್ಟೆಯ ಹಾಯಿ, ಡಾಂಬರು ಬಳಿದ ಹಗ್ಗ. ಆ ಕಾಲದ ನಾವಿಕರಿಗೆ ಬೆಂಕಿಯೆಂದರೆ ಎಂಥ ಭಯವಿದ್ದೀತು, ನೀವೇ ಊಹಿಸಿ.

ಬೆಂಕಿಹಡಗಿನ ಕೆಳ ಅಂತಸ್ತಿನಲ್ಲಿ ಮರದ ತೊಟ್ಟಿಗಳ ಸಾಲು. ಅವುಗಳ ತುಂಬ ಗಂಧಕ, ರಾಳ, ಡಾಂಬರು ಸವರಿದ ಒಣ ಜೊಂಡು ಮತ್ತು ಪುರಳೆಯ ಕಟ್ಟುಗಳು. ಪಕ್ಕದ ಕಿಂಡಿಗಳ ಬಾಗಿಲು ಕೆಳಮುಖವಾಗಿ ತೆರೆಯುತ್ತಿದ್ದವು. ಮೇಲಕ್ಕೆ ತೆರೆಯುವಂತಿದ್ದರೆ ಹಗ್ಗ ಸುಟ್ಟೊಡನೆ ಮುಚ್ಚಿಕೊಂಡು ಉರಿಗೆ ಗಾಳಿಯೇ ಸಿಗುತ್ತಿರಲಿಲ್ಲ! ಶತ್ರುವಿನ ಹಡಗಿಗೆ ಸಿಕ್ಕಿಕೊಳ್ಳಲು ಹಾಯಿಮರದ ಅಡ್ಡತೋಳುಗಳ ತುದಿಯಲ್ಲಿ ಕೊಕ್ಕೆಗಳು. ಕೊನೆಯ ಗಳಿಗೆಯಲ್ಲಿ ಕಿಡಿ ಹೊತ್ತಿಸಿ, ಹಿಂಬದಿಯ ಬಾಗಿಲಿನಿಂದ ದೋಣಿಗಿಳಿದು ಪಾರಾಗಬೇಕು. ಲೆಕ್ಕ ತಪ್ಪಿದರೆ? 1744ರ ಟೂಲಾನ್ ಕದನದಲ್ಲಿ ‘ಆನ್ ಗ್ಯಾಲಿ’ ಎಂಬ ಬೆಂಕಿಹಡಗು ಸ್ಪೇನಿನ ಹಡಗನ್ನು ಮುಟ್ಟುವ ಮೊದಲೇ ಸಿಡಿಯಿತು. ಕ್ಯಾಪ್ಟನ್ ಮ್ಯಾಕೇ ಅದರೊಂದಿಗೇ ಹೋದರು.

ಈಗ ‘ಟಿಸಿಫೊನಿ’ಯ ಕಥೆಗೆ ಬರೋಣ. ಇದು ಗ್ರೀಕ್ ಪುರಾಣದ ಸೇಡಿನ ದೇವತೆಯೊಬ್ಬಳ ಹೆಸರು. ಮೊದಲೆಲ್ಲ ಹಳೆಯ ವ್ಯಾಪಾರಿ ಹಡಗುಗಳನ್ನು ಕೊಂಡು ಬೆಂಕಿಹಡಗು ಮಾಡುತ್ತಿದ್ದುದೇ ಹೆಚ್ಚು. 1781ರಲ್ಲಿ ಡೋವರ್‌ನಲ್ಲಿ ನೀರಿಗಿಳಿದ ಟಿಸಿಫೊನಿಯನ್ನಾದರೋ ಫ್ರೆಂಚ್ ಹಡಗೊಂದರ ಮಾದರಿಯಲ್ಲಿ, ವೇಗವಾಗಿ ಸಾಗುವಂತೆ ಹೊಸದಾಗಿಯೇ ಕಟ್ಟಿದ್ದರು. ಆ ವೇಗವೇ ಅದರ ಹಣೆಬರಹವನ್ನು ತಿದ್ದಿತು.

ಅದೇ ವರ್ಷದ ಡಿಸೆಂಬರ್ 12ರಂದು ಅಡ್ಮಿರಲ್ ಕೆಂಪನ್‌ಫೆಲ್ಟ್ ಫ್ರೆಂಚ್ ಸರಕು ಹಡಗುಗಳ ಗುಂಪಿನ ಮೇಲೆ ಬಿದ್ದು ಹಲವನ್ನು ಹಿಡಿದರು. ಫ್ರೆಂಚರ ನೆರವು ಬರುತ್ತಿದೆ ಎಂಬ ಸುದ್ದಿಯನ್ನು ವೆಸ್ಟ್ ಇಂಡೀಸ್‌ನಲ್ಲಿದ್ದ ಅಡ್ಮಿರಲ್ ಹುಡ್‌ಗೆ ಮುಟ್ಟಿಸುವವರು ಯಾರು? ಆರಿಸಿದ್ದು ಟಿಸಿಫೊನಿಯನ್ನು. ಅದರ ನಾಯಕ ಜೇಮ್ಸ್ ಸೊಮಾರೆಜ್‌ಗೆ ಇನ್ನೂ 25 ತುಂಬಿರಲಿಲ್ಲ. ಅಟ್ಲಾಂಟಿಕ್ ದಾಟಿ ಹೋದರೆ, ಸೇಂಟ್ ಕಿಟ್ಸ್ ದ್ವೀಪದ ಬಳಿ ಹುಡ್‌ರ ಎದುರಿಗೇ ಫ್ರೆಂಚ್ ನೌಕಾಪಡೆ! ಸೊಮಾರೆಜ್ ಅಪಾಯದ ಇಕ್ಕಟ್ಟು ದಾರಿಯಲ್ಲಿ ನುಸುಳಿ ಸುದ್ದಿ ಮುಟ್ಟಿಸಿದರು. ಬಳಿಕ 74 ಫಿರಂಗಿಗಳ ‘ರಸೆಲ್’ ಹಡಗು ಅವರ ಕೈಗೆ ಬಂತು. 1782ರ ಏಪ್ರಿಲ್ 12ರಂದು ಸೇಂಟ್ಸ್ ಕದನದಲ್ಲಿ ಅವರು ಹೋರಾಡಿದ್ದು ಅದರಲ್ಲೇ.

ಟಿಸಿಫೊನಿಯ ಒಡಹುಟ್ಟಿದ ಹಡಗುಗಳ ಗತಿ ಬೇರೆ. ‘ವಲ್ಕನ್’ 1793ರಲ್ಲಿ ಟೂಲಾನ್ ಬಂದರಿನಲ್ಲಿ ಫ್ರೆಂಚ್ ಹಡಗುಗಳನ್ನು ಸುಡುವ ಕೆಲಸದಲ್ಲಿ ತಾನೂ ಉರಿದುಹೋಯಿತು. ‘ಕಾಮೆಟ್’ 1800ರಲ್ಲಿ ಡಂಕರ್ಕ್‌ನಲ್ಲಿ ಇನ್ನೂ ಮೂರು ಹಡಗುಗಳ ಜೊತೆ ಸುಟ್ಟಿತು. ಫ್ರೆಂಚ್ ಹಡಗುಗಳು ಲಂಗರಿನ ಹಗ್ಗ ಕತ್ತರಿಸಿ ಆ ಉರಿಯಿಂದ ತಪ್ಪಿಸಿಕೊಂಡವು. ಟಿಸಿಫೊನಿಗೆ ಮಾತ್ರ ಯಾರೂ ಕಿಡಿ ಇಡಲಿಲ್ಲ. ಸಾಮಾನ್ಯ ಯುದ್ಧನೌಕೆಯಾಗಿ, ಮುಂದೆ ತೇಲುವ ಫಿರಂಗಿ ಕಟ್ಟೆಯಾಗಿ ದುಡಿದು 1816ರಲ್ಲಿ ಮಾರಾಟವಾಯಿತು. ಒಂದು ದಿನ ಉರಿಯಲೆಂದು ಹುಟ್ಟಿದ ಹಡಗಿಗೆ 35 ವರ್ಷಗಳ ಆಯುಸ್ಸು!

ಅಪ್ಪ ಸೇರಿಸಿದ ಕೋರ್ಸು, ಸಿಕ್ಕಿದ ಮೊದಲ ನೌಕರಿ, ಇಷ್ಟೇ ನಮ್ಮ ಬದುಕು ಎಂದು ನಿಮ್ಮಲ್ಲಿ ಕೆಲವರು ಪೇಚಾಡುವುದನ್ನು ಕೇಳಿದ್ದೇನೆ. ಟಿಸಿಫೊನಿಯನ್ನು ಕಟ್ಟಿದವರು ಅದು ಸುಡುವ ಹಡಗೆಂದು ಕೆಲಸದಲ್ಲಿ ಕಳ್ಳಾಟ ಮಾಡಲಿಲ್ಲ. ಹಾಗೆ ಮಾಡಿದ್ದರೆ ಅದು ಸೇಂಟ್ ಕಿಟ್ಸ್ ತಲುಪುತ್ತಿತ್ತೇ? ಯೋಚಿಸಿ ನೋಡಿ.