ಮೆಮೊರಿ ಯಾರದು, ವೇಗ ಎಷ್ಟು?
ಒಂದೇ ಮಾದರಿಯ ಎರಡು ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಗ್ರಾಫಿಕ್ಸ್ ಮೆಮೊರಿ ಒಂದೇ ಕಂಪನಿಯದಾಗಿರಬೇಕೆಂದಿಲ್ಲ: ಒಂದರಲ್ಲಿ ಸ್ಯಾಮ್‌ಸಂಗ್ ಇದ್ದರೆ ಇನ್ನೊಂದರಲ್ಲಿ ಮೈಕ್ರಾನ್ ಇರಬಹುದು. ಪೆಟ್ಟಿಗೆಯ ಮೇಲೆ ಸಾಮಾನ್ಯವಾಗಿ ಇದನ್ನು ಬರೆಯುವುದಿಲ್ಲ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶದಲ್ಲಿ 'ಮೆಮೊರಿ ಟೈಪ್' ಸಾಲು ನೋಡಿದರೆ ತಿಳಿಯುತ್ತದೆ. ನಿಗದಿತ ವೇಗದಲ್ಲಿ ಎರಡೂ ಸಮವೇ. ಓವರ್‌ಕ್ಲಾಕ್ ಮಾಡಹೊರಟಾಗ, ಅಂದರೆ ನಿಗದಿತ ವೇಗ ಮೀರಿ ಓಡಿಸಹೊರಟಾಗ, ಗುಣ ಬಯಲಾಗುತ್ತದೆ. 2016ರಲ್ಲಿ ಡೆಸ್ಕ್‌ಟಾಪ್‌ನ ಜಿಟಿಎಕ್ಸ್ 1070 ಕಾರ್ಡುಗಳಿಗೆ ಮೈಕ್ರಾನ್ ಚಿಪ್ ಬಂದಾಗ, ಮೆಮೊರಿಯ ವೇಗ ಏರಿಸಿದ ಹಲವರ ಪರದೆಯಲ್ಲಿ ಚಿತ್ರ ಒಡೆದು ಬಣ್ಣದ ಚೌಕಗಳು ಮಿನುಗಿದವು. ತಯಾರಕರು ಹೊಸ ವಿಬಯೋಸ್ (ಕಾರ್ಡಿನೊಳಗಿನ ನಿಯಂತ್ರಣ ತಂತ್ರಾಂಶ) ಕೊಟ್ಟು ಸರಿಪಡಿಸಿದರು. ಲ್ಯಾಪ್‌ಟಾಪ್‌ನಲ್ಲಂತೂ ಓವರ್‌ಕ್ಲಾಕ್ ಮಾಡಿದರೆ ಬಿಸಿಯದೇ ದೊಡ್ಡ ತಲೆನೋವು. 2015ರಲ್ಲಿ ಎನ್‌ವಿಡಿಯಾ ತನ್ನ ಡ್ರೈವರ್ ಮೂಲಕ 900ಎಂ ಸರಣಿಯ ಲ್ಯಾಪ್‌ಟಾಪ್ ಗ್ರಾಫಿಕ್ಸ್ ಚಿಪ್‌ಗಳ ಓವರ್‌ಕ್ಲಾಕಿಂಗ್ ಅನ್ನೇ ಮುಚ್ಚಿತ್ತು, ಬಳಕೆದಾರರು ಸಿಟ್ಟಾದ ಮೇಲೆ ಮತ್ತೆ ತೆರೆಯಿತು. ಸಿಟ್ಟು ನ್ಯಾಯವೇ: ಕಾಸು ಕೊಟ್ಟು ಕೊಂಡ ಯಂತ್ರವನ್ನು ಎಷ್ಟು ಓಡಿಸಬೇಕೆಂಬುದು ಕೊಂಡವರ ಹಕ್ಕು.