ಪಾಸ್‌ವರ್ಡ್ ಹಾಕಿದ್ದೇವೆ, ಸಾಕೇ?

ಮಲೆನಾಡಿನ ಒಂಟಿ ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ, ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ. ಹಳೆಯ ಲ್ಯಾಪ್‌ಟಾಪಿಗೋ ಅಂಗೈಯಗಲದ ರಾಸ್ಬೆರಿ ಪೈ ಕಂಪ್ಯೂಟರಿಗೋ ಒಂದು ವೆಬ್‌ಕ್ಯಾಮ್ ಸಿಕ್ಕಿಸಿ, ಉಚಿತವಾಗಿ ಸಿಗುವ ತಂತ್ರಾಂಶ ಹಾಕಿಕೊಂಡರೆ ಮನೆಯ ಜಗಲಿ ಫೋನಿನಲ್ಲೇ ಕಾಣುತ್ತದೆ. ಅಮ್ಮ ಅಂಗಳಕ್ಕೆ ಬಂದದ್ದು ಕಂಡರೆ ಮನಸ್ಸಿಗೆ ಎಷ್ಟೋ ನಿರಾಳ. ಇದು ಒಳ್ಳೆಯ ಕೆಲಸವೇ. ಆದರೆ ಮನೆಯ ದೃಶ್ಯವನ್ನು ಹೊರಗಿನಿಂದ ನೋಡಲು ನಾವು ಯಾವ ದಾರಿ ಮಾಡಿಕೊಡುತ್ತೇವೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಇಂಥ ಕೆಲಸಕ್ಕೆ ಬಹಳ ಜನ ಬಳಸುವ 'ಮೋಷನ್' ಎಂಬ ತಂತ್ರಾಂಶವನ್ನೇ ನೋಡಿ. ಅದನ್ನು ಹಾಕಿಕೊಂಡಾಗ ಕ್ಯಾಮೆರಾದ ದೃಶ್ಯ ಅದೇ ಕಂಪ್ಯೂಟರಿನಲ್ಲಿ ಮಾತ್ರ ಕಾಣುತ್ತದೆ. 'ಸ್ಟ್ರೀಮ್ ಲೋಕಲ್‌ಹೋಸ್ಟ್' ಎಂಬ ಸಾಲಿನ ಮುಂದೆ 'ಆನ್' ಎಂದಿರುವುದೇ ಅದಕ್ಕೆ ಕಾರಣ. ಫೋನಿನಲ್ಲಿ ಕಾಣಿಸಬೇಕೆಂದು ಅದನ್ನು 'ಆಫ್' ಮಾಡುತ್ತೇವೆ. ಪಾಸ್‌ವರ್ಡ್ ಕೇಳುವ ಸೌಲಭ್ಯ ಬೇರೊಂದು ಸಾಲಿನಲ್ಲಿದೆ, ಅದನ್ನು ನಾವಾಗಿಯೇ ಚಾಲೂ ಮಾಡಬೇಕು. ಅದು ಮರೆತುಹೋಗುತ್ತದೆ. ಆಮೇಲೆ ರೌಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಮಾಡುತ್ತೇವೆ, ಅಂದರೆ ಹೊರಗಿನಿಂದ ಇಂಥ ಸಂಖ್ಯೆಯ ಬಾಗಿಲಿಗೆ (ಪೋರ್ಟಿಗೆ) ಬಂದವರನ್ನು ನೇರ ಕ್ಯಾಮೆರಾದ ಬಳಿಗೆ ಕಳಿಸು ಎಂದು ಹೇಳಿಡುತ್ತೇವೆ. ಅಲ್ಲಿಗೆ ಮನೆಯ ಜಗಲಿ ಇಡೀ ಜಗತ್ತಿಗೆ ತೆರೆದುಕೊಂಡಿತು.

'ನಮ್ಮ ಮನೆಯ ವಿಳಾಸ ಯಾರಿಗೆ ಗೊತ್ತು?' ಎಂಬ ಧೈರ್ಯ ಹೆಚ್ಚಿನವರದು. ವಿಳಾಸ ಯಾರಿಗೂ ಗೊತ್ತಿರಬೇಕಾಗಿಲ್ಲ. ಇಂಟರ್ನೆಟ್ಟಿನ ಹಳೆಯ ಪದ್ಧತಿಯ ವಿಳಾಸಗಳು ಒಟ್ಟು ಸುಮಾರು 430 ಕೋಟಿ. 2013ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ರೂಪಿಸಿದ ಜೀಮ್ಯಾಪ್ ಎಂಬ ಸಾಧನ, ಅವುಗಳಲ್ಲಿ ಯಾವ್ಯಾವುದರಲ್ಲಿ ನಿರ್ದಿಷ್ಟ ಪೋರ್ಟೊಂದು ತೆರೆದಿದೆ ಎಂಬುದನ್ನು ಒಂದೇ ಕಂಪ್ಯೂಟರಿನಿಂದ ಮುಕ್ಕಾಲು ಗಂಟೆಯೊಳಗೆ ತಡಕಿ ನೋಡಬಲ್ಲದಾಗಿತ್ತು. ಹೀಗೆ ತಡಕುವವರು ನಮ್ಮನ್ನೇ ಹುಡುಕುತ್ತಿರುವುದಿಲ್ಲ, ಬೀದಿಯ ಪ್ರತಿ ಬಾಗಿಲನ್ನೂ ತಳ್ಳಿ ನೋಡುತ್ತಾ ಹೋಗುತ್ತಾರೆ.

ಹಾಗಿದ್ದರೆ ಗಟ್ಟಿಯಾದ ಪಾಸ್‌ವರ್ಡ್ ಹಾಕಿದರಾಯಿತಲ್ಲ? ಅದು ಬೇಕೇ ಬೇಕು. 2016ರ ಮಿರಾಯ್ ಎಂಬ ದುಷ್ಟ ತಂತ್ರಾಂಶ, ಕಂಪನಿಗಳು ಹಾಕಿ ಕಳಿಸಿದ್ದ 'ಅಡ್ಮಿನ್' ತರಹದ ಅರವತ್ತರಷ್ಟು ಜೋಡಿ ಹೆಸರು-ಪಾಸ್‌ವರ್ಡ್‌ಗಳನ್ನಷ್ಟೇ ಪ್ರಯತ್ನಿಸಿ ಲಕ್ಷಾಂತರ ಕ್ಯಾಮೆರಾ, ಡಿವಿಆರ್‌ಗಳನ್ನು ವಶಮಾಡಿಕೊಂಡಿತು. ಅಂಥ ಸಾಧನಗಳನ್ನೇ ಛೂಬಿಟ್ಟು, ಅದೇ ವರ್ಷದ ಅಕ್ಟೋಬರ್ 21ರಂದು, ಜಾಲತಾಣಗಳ ಹೆಸರಿನಿಂದ ವಿಳಾಸ ಹುಡುಕಿಕೊಡುವ ಡೈನ್ ಎಂಬ ಸಂಸ್ಥೆಯ ಮೇಲೆ ನಡೆಸಿದ ದಾಳಿಯಿಂದ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ಗಳೂ ತಡವರಿಸಿದವು.

ಆದರೆ ಪಾಸ್‌ವರ್ಡ್ ಒಂದನ್ನೇ ನಂಬಿ ಕೂರುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. 2012ರಲ್ಲಿ ಟ್ರೆಂಡ್‌ನೆಟ್ ಕಂಪನಿಯ ಕ್ಯಾಮೆರಾಗಳಲ್ಲಿ ದೋಷವೊಂದು ಬಯಲಾಯಿತು. ಪಾಸ್‌ವರ್ಡ್ ಇಟ್ಟವರ ಮನೆಯೂ ಪಾಸ್‌ವರ್ಡ್ ಇಲ್ಲದೆಯೇ ಕಾಣುತ್ತಿತ್ತು. ಸುಮಾರು 700 ಕ್ಯಾಮೆರಾಗಳ ನೇರ ದೃಶ್ಯಗಳು ಅಂತರಜಾಲಕ್ಕೆ ಬಂದವು. ಅವುಗಳಲ್ಲಿ ತೊಟ್ಟಿಲಲ್ಲಿ ಮಲಗಿದ್ದ ಮಕ್ಕಳೂ ಇದ್ದರು. ಪಾಸ್‌ವರ್ಡ್ ಇಟ್ಟಿದ್ದವರು ತಮ್ಮ ಕೈಲಾದದ್ದನ್ನು ಮಾಡಿಯೇ ಇದ್ದರು. ಇನ್ನೊಂದು ತೊಡಕು: ವಿಳಾಸ 'ಎಚ್‌ಟಿಟಿಪಿಎಸ್' ಬದಲು ಬರೀ 'ಎಚ್‌ಟಿಟಿಪಿ' ಆಗಿದ್ದರೆ ನಮ್ಮ ದೃಶ್ಯವೂ, ಅನೇಕ ಕ್ಯಾಮೆರಾಗಳಲ್ಲಿ ಪಾಸ್‌ವರ್ಡೂ ಗೂಢಲಿಪಿಯಿಲ್ಲದೆ ಸಾಗುತ್ತವೆ. ನಡುವೆ ಕೂತವನು ಓದಿಕೊಳ್ಳಬಹುದು.

ಇದಕ್ಕಿಂತ ಒಳ್ಳೆಯ ದಾರಿ ವಿಪಿಎನ್. ಮೊದಲು ನಮ್ಮ ಫೋನು ಮನೆಯ ಜಾಲದೊಳಗೆ ಗುಪ್ತ ಮಾರ್ಗದಲ್ಲಿ ಸೇರಿಕೊಳ್ಳಬೇಕು, ಆಮೇಲಷ್ಟೇ ಕ್ಯಾಮೆರಾ. ವೈರ್‌ಗಾರ್ಡ್ ಎಂಬ ಉಚಿತ ವಿಪಿಎನ್‌ಗೂ ಒಂದು ಪೋರ್ಟ್ ಬೇಕು, ನಿಜ. ಆದರೆ ಸರಿಯಾದ ಕೀಲಿ ಇಲ್ಲದೆ ಬಂದವರಿಗೆ ಅದು ಉತ್ತರವನ್ನೇ ಕೊಡುವುದಿಲ್ಲ, ತಡಕುವವರಿಗೆ ಅಲ್ಲೇನೂ ಇಲ್ಲವೆಂದೇ ಅನಿಸುತ್ತದೆ. ಹಲವು ಬ್ರಾಡ್‌ಬ್ಯಾಂಡ್ ಕಂಪನಿಗಳು ಒಂದೇ ವಿಳಾಸವನ್ನು ಅನೇಕ ಮನೆಗಳಿಗೆ ಹಂಚುವುದರಿಂದ ಪೋರ್ಟ್ ಫಾರ್ವರ್ಡಿಂಗ್ ನಡೆಯುವುದೇ ಇಲ್ಲ. ಅಂಥಲ್ಲಿ ಟೈಲ್‌ಸ್ಕೇಲ್‌ನಂಥ ವಿಪಿಎನ್ ಸೇವೆ ಕೆಲಸಕ್ಕೆ ಬರುತ್ತದೆ. ಅದಕ್ಕೆ ರೌಟರ್ ಮುಟ್ಟಬೇಕಾಗಿಲ್ಲ. ಮನೆಯ ಕಂಪ್ಯೂಟರಿನಲ್ಲೂ ಫೋನಿನಲ್ಲೂ ಹಾಕಿಕೊಂಡರೆ ಸಾಕು, ಒಂದು ಸಂಜೆಯಲ್ಲಿ ಮುಗಿಯುವ ಕೆಲಸ.

ಜೊತೆಗೆ ರೌಟರಿನ ಪುಟ ತೆರೆದು ಯುಪಿಎನ್‌ಪಿ ಎಂಬುದನ್ನು ಆಫ್ ಮಾಡಿ. ಅದು ಚಾಲೂ ಇದ್ದರೆ ಮನೆಯೊಳಗಿನ ಸಾಧನಗಳು ನಮ್ಮನ್ನು ಕೇಳದೆಯೇ ಪೋರ್ಟ್ ತೆರೆಸಿಕೊಳ್ಳಬಲ್ಲವು. ಹಿಂದೆಂದೋ ಮಾಡಿಟ್ಟ ಪೋರ್ಟ್ ಫಾರ್ವರ್ಡಿಂಗ್ ಉಳಿದಿದ್ದರೆ ಅಳಿಸಿ. ಕ್ಯಾಮೆರಾ ತಂದು ಜೋಡಿಸಿಕೊಟ್ಟ ಹುಡುಗನೇ ಪಾಸ್‌ವರ್ಡ್ ಇಟ್ಟು ಹೋಗಿದ್ದರೆ, ಅವನ ಮೇಲೆ ಎಷ್ಟೇ ನಂಬಿಕೆ ಇರಲಿ, ಬದಲಾಯಿಸಿ.

ಕೊನೆಗೆ ಫೋನಿನ ವೈಫೈಯನ್ನೂ ವಿಪಿಎನ್ನನ್ನೂ ಆಫ್ ಮಾಡಿ, ಮೊಬೈಲ್ ಡೇಟಾದಿಂದ ಮನೆಯ ಇಂಟರ್ನೆಟ್ ವಿಳಾಸಕ್ಕೆ, ಕ್ಯಾಮೆರಾದ ಪೋರ್ಟ್ ಸಂಖ್ಯೆಯನ್ನೂ ಸೇರಿಸಿ, ಹೋಗಿ ನೋಡಿ. ಕ್ಯಾಮೆರಾದ ದೃಶ್ಯವಾಗಲಿ, ಪಾಸ್‌ವರ್ಡ್ ಕೇಳುವ ಪುಟವಾಗಲಿ ಕಾಣಬಾರದು. ಕಂಡರೆ ರೌಟರಿನಲ್ಲಿ ಇನ್ನೂ ಯಾವುದೋ ಪೋರ್ಟ್ ತೆರೆದಿದೆ ಎಂದರ್ಥ. ಅದನ್ನು ಮುಚ್ಚುವವರೆಗೆ ವೆಬ್‌ಕ್ಯಾಮ್ ಕಿತ್ತಿಡಿ.